ಒಂದು ಆಲೇಖ, ಹಲವು ಜಲಾಶಯ

ಮೃಗಶಿರೆ ಕಳೆದು ಆರಿದ್ರೆಯ ಮಳೆ ಹಿಡಿದು, ಕೊಡಗಿನ ಬೆಟ್ಟಗಳ ಮೇಲೆ ಮೋಡಗಳು ಬಿಡುವಿಲ್ಲದೆ ಸುರಿಯತೊಡಗಿದ ದಿನಗಳಲ್ಲಿ, ಮಂಡ್ಯದ ಗದ್ದೆಯ ಬದುವಿನ ಮೇಲೆ ನಿಂತ ರೈತನೂ ಬೆಂಗಳೂರಿನ ನಲ್ಲಿಯನ್ನು ನೆಚ್ಚಿಕೊಂಡಿರುವ ಗೃಹಿಣಿಯೂ ಬೆಳಗಾದೊಡನೆ ಮೊಬೈಲಿನಲ್ಲಿ ಅರಸುವ ಸಂಗತಿ ಒಂದೇ: ಕೃಷ್ಣರಾಜಸಾಗರದಲ್ಲಿ ಇಂದು ನೀರು ಎಷ್ಟು ಅಡಿ ಏರಿದೆ?

ಪರದೆಯ ಮೇಲೆ ನೀಲಿಯ ಸ್ತಂಭವೊಂದು ಮೂಡುತ್ತದೆ. ಅದರ ನೆತ್ತಿಯಿಂದ ತುಸು ಮೇಲೆ, ಗರಿಷ್ಠ ಮಟ್ಟವಾದ 124.80 ಅಡಿಯನ್ನು ಸೂಚಿಸುವ ಗೆರೆ. ಪಕ್ಕದಲ್ಲಿ ಕಳೆದ ವರ್ಷದ ಇದೇ ದಿನದ ಮಟ್ಟ. ಬೆರಳಿನಿಂದ ಸರಿಸಿದರೆ ಕಬಿನಿ, ಹೇಮಾವತಿ, ಹಾರಂಗಿ. ಇನ್ನೂ ಸರಿಸಿದರೆ ತುಂಗಭದ್ರಾ, ಆಲಮಟ್ಟಿ, ಲಿಂಗನಮಕ್ಕಿ. ಹೆಸರು ಬದಲಾಗುತ್ತದೆ, ಅಂಕಿ ಬದಲಾಗುತ್ತದೆ. ಚಿತ್ರದ ವಿನ್ಯಾಸ ಮಾತ್ರ ಬದಲಾಗದು.

ಈ ಏಳು ಚಿತ್ರಗಳನ್ನು ಯಾರೋ ಏಳು ಬಾರಿ ಕುಳಿತು ಬರೆದರೆಂದು ಭಾವಿಸಬೇಕಾಗಿಲ್ಲ. ಬರೆದುದು ಒಂದೇ, ಅದೂ ಚಿತ್ರವನ್ನಲ್ಲ, ಅಂಕಿಗಳನ್ನು ಕೊಟ್ಟಾಗ ಅವುಗಳಿಂದ ಚಿತ್ರವನ್ನು ರಚಿಸತಕ್ಕ ವಿಧಿಯೊಂದನ್ನು. ಎಂಜಿನಿಯರುಗಳು ಕಾಂಪೊನೆಂಟ್ ಎಂದು ಕರೆಯುವ ಈ ವಿಧಿಯನ್ನು ನಾವು ಘಟಕವೆನ್ನೋಣ. ಇಂದು ವೆಬ್ ಪುಟಗಳಲ್ಲಿ ನಾವು ಕಾಣುವ ಚುನಾವಣೆಯ ನಕ್ಷೆ, ಮಳೆಯ ಲೆಕ್ಕ, ಷೇರುಪೇಟೆಯ ಏರಿಳಿತಗಳಲ್ಲಿ ಬಹುಪಾಲು ಇಂತಹ ಘಟಕಗಳ ಕೃತಿ. ಅವುಗಳನ್ನು ಕಟ್ಟುವುದರಲ್ಲಿ ಅಡಗಿರುವ ವಿವೇಕ ಎಂತಹದು, ಆ ವಿವೇಕ ತಪ್ಪಿದಾಗ ಓದುಗನಿಗೆ ಆಗುವ ಹಾನಿ ಎಂತಹದು ಎಂಬುದನ್ನು ಜನಸಾಮಾನ್ಯರೂ ತಿಳಿದಿರುವುದು ಯುಕ್ತ.

ತಾಮ್ರದ ಫಲಕದಿಂದ ಬ್ರೌಸರಿನವರೆಗೆ

1786ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನ ಗೃಹಸ್ಥನು ಇಂಗ್ಲೆಂಡಿನ ಆಮದು ರಫ್ತುಗಳ ಲೆಕ್ಕವನ್ನು ರೇಖೆಗಳಾಗಿ ಎಳೆದು ಲಂಡನ್ನಿನಲ್ಲಿ ಪ್ರಕಟಿಸಿದಾಗ, ಪ್ರತಿಯೊಂದು ಆಲೇಖವನ್ನೂ ತಾಮ್ರದ ಫಲಕದ ಮೇಲೆ ಬೇರೆಬೇರೆಯಾಗಿ ಕೊರೆಯಬೇಕಾಗಿತ್ತು. ಮರುವರ್ಷದ ಅಂಕಿ ಬಂದರೆ ಫಲಕವನ್ನು ತಿದ್ದಬೇಕು, ಇಲ್ಲವೆ ಹೊಸದಾಗಿ ಕೊರೆಯಬೇಕು. ವಿಚಾರ ಒಂದೇ ಆದರೂ ಶ್ರಮ ಪ್ರತಿಬಾರಿಯೂ ಹೊಸದು.

ಕಂಪ್ಯೂಟರು ಬಂದ ಮೇಲೂ ವೆಬ್ ಪುಟದ ಆಲೇಖವು ಬಹುಕಾಲ ಹೆಚ್ಚಾಗಿ ಅಚಲವಾದ ಬಿಂಬ ಮಾತ್ರವಾಗಿತ್ತು. ಓದುಗನು ಅದನ್ನು ನೋಡಬಹುದಾಗಿತ್ತೇ ಹೊರತು ಅದರೊಡನೆ ವ್ಯವಹರಿಸುವಂತಿರಲಿಲ್ಲ. 2001ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಸ್‌ವಿಜಿ ಎಂಬ ಮಾನದಂಡವನ್ನು ಅಂಗೀಕರಿಸಿತು. ಇದರಲ್ಲಿ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ರಾಶಿಯಲ್ಲ. ಇಲ್ಲೊಂದು ಆಯತ, ಅಲ್ಲೊಂದು ರೇಖೆ, ಅದರ ಕೆಳಗೊಂದು ಹೆಸರು ಎಂಬ ಲಿಖಿತ ವರ್ಣನೆ. ವರ್ಣನೆಯನ್ನು ತಿದ್ದಿದರೆ ಚಿತ್ರವೂ ತಿದ್ದಿಕೊಳ್ಳುತ್ತದೆ. ಬ್ರೌಸರುಗಳೆಲ್ಲ ಇದನ್ನು ಸರಿಯಾಗಿ ಅರಿತುಕೊಳ್ಳಲು ಇನ್ನೊಂದು ದಶಕವೇ ಹಿಡಿಯಿತು.

ಆ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಹೀರ್ ಎಂಬ ಪ್ರಾಧ್ಯಾಪಕರೂ ಮೈಕ್ ಬೊಸ್ಟಾಕ್ ಎಂಬ ವಿದ್ಯಾರ್ಥಿಯೂ ಸೇರಿ 2009ರಲ್ಲಿ ಪ್ರೊಟೊವಿಸ್ ಎಂಬ ಸಾಧನವನ್ನೂ, ವಾದಿಮ್ ಒಗಿಯೆವೆಟ್‌ಸ್ಕಿಯವರನ್ನು ಕೂಡಿಕೊಂಡು 2011ರಲ್ಲಿ ಡಿ-3 ಎಂಬ ಲೈಬ್ರರಿಯನ್ನೂ ಹೊರತಂದರು. ಡಿ-3 ಮಾಡಿದ ಮುಖ್ಯ ಕಾರ್ಯ ಬಲು ಸರಳವಾದುದು: ಒಂದೊಂದು ಅಂಕಿಯನ್ನೂ ಪುಟದ ಮೇಲಿನ ಒಂದೊಂದು ಆಕೃತಿಗೆ ಬಂಧಿಸಿತು. ಹೊಸ ಅಂಕಿ ಬಂದರೆ ಹೊಸ ಆಕೃತಿ ಹುಟ್ಟುತ್ತದೆ, ಉಳಿದ ಅಂಕಿಯ ಆಕೃತಿ ತನ್ನ ಎತ್ತರವನ್ನು ಹೊಂದಿಸಿಕೊಳ್ಳುತ್ತದೆ, ತೊಲಗಿದ ಅಂಕಿಯ ಆಕೃತಿ ತಾನೂ ತೊಲಗುತ್ತದೆ. ಬೊಸ್ಟಾಕರು ಮುಂದೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಆಲೇಖ ವಿಭಾಗದಲ್ಲಿ ದುಡಿದರು.

ನಕಲು ಬೇರೆ, ಘಟಕ ಬೇರೆ

ಡಿ-3 ಕೈಗೆ ಬಂದೊಡನೆ ಎಲ್ಲೆಲ್ಲಿಯೂ ಆಲೇಖಗಳು ಹುಟ್ಟಿಕೊಂಡವು. ಅವುಗಳೊಡನೆ ಒಂದು ದುರಭ್ಯಾಸವೂ ಹುಟ್ಟಿತು. ಕೃಷ್ಣರಾಜಸಾಗರಕ್ಕೆಂದು ಬರೆದ ಕೋಡನ್ನು ಕಬಿನಿಗೆ ನಕಲು ಮಾಡಿ, ಎರಡು ಸಾಲು ತಿದ್ದಿ, ಮತ್ತೆ ಅದನ್ನು ಹೇಮಾವತಿಗೆ ನಕಲು ಮಾಡಿ, ಮೂರು ಸಾಲು ತಿದ್ದುತ್ತ ಹೋದರೆ ಏಳನೆಯ ಜಲಾಶಯದ ಹೊತ್ತಿಗೆ ಏಳು ಬೇರೆ ಬೇರೆ ಕೋಡುಗಳಾಗಿರುತ್ತವೆ. ಮೊದಲನೆಯದರಲ್ಲಿ ದಿನಾಂಕದ ದೋಷವೊಂದು ಕಂಡುಬಂದು ಅದನ್ನು ತಿದ್ದಿದರೂ ಉಳಿದ ಆರರಲ್ಲಿ ಅದು ಹಾಗೆಯೇ ಕುಳಿತಿರುತ್ತದೆ. ತಿದ್ದಿದವರು ಕೆಲಸ ಬಿಟ್ಟು ಹೋದ ಮೇಲೆ, ಯಾವುದು ಮೂಲ, ಯಾವುದು ನಕಲು ಎಂದು ಹೇಳಬಲ್ಲವರೂ ಇರುವುದಿಲ್ಲ.

2012ರಲ್ಲಿ ಬೊಸ್ಟಾಕರು ಮರುಬಳಕೆಯ ಆಲೇಖಗಳನ್ನು ಕುರಿತು ಚಿಕ್ಕ ಪ್ರಬಂಧವೊಂದನ್ನು ಬರೆದು ಇದಕ್ಕೆ ಪರಿಹಾರವನ್ನು ಸೂಚಿಸಿದರು. ಆಲೇಖವನ್ನು ಒಂದು ಫಂಕ್ಷನ್ ಆಗಿ ಬರೆಯಿರಿ. ಅಗಲ, ಎತ್ತರ, ಅಂಚುಗಳೇ ಮೊದಲಾದ ಅದರ ಗುಣಗಳಿಗೆ ಒಳಗೇ ಒಂದೊಂದು ಪೂರ್ವನಿಶ್ಚಿತ ಬೆಲೆಯನ್ನಿಡಿ. ಬಳಸುವವನು ಬೇಕಾದರೆ ಅದನ್ನು ಕೇಳಿ ತಿಳಿಯುವಂತೆಯೂ ಬೇಕಾದರೆ ಬದಲಿಸುವಂತೆಯೂ ಒಂದೊಂದು ಬಾಗಿಲನ್ನು ತೆರೆದಿಡಿ ಎಂಬುದು ಅದರ ತಾತ್ಪರ್ಯ. ಅಂಕಿಗಳ ಪಟ್ಟಿಯಲ್ಲಿ ದಿನಾಂಕ ಎಲ್ಲಿದೆ, ಮಟ್ಟ ಎಲ್ಲಿದೆ ಎಂಬುದನ್ನು ಸಹ ಆಲೇಖವು ತಾನೇ ಊಹಿಸಬಾರದು. ಅದನ್ನು ತಿಳಿಸುವ ಹೊಣೆ ಬಳಸುವವನದು. ಆದುದರಿಂದಲೇ ಒಂದು ಇಲಾಖೆಯ ಪಟ್ಟಿಗೆ ಹೊಂದುವ ಘಟಕ ಇನ್ನೊಂದು ಇಲಾಖೆಯ ಪಟ್ಟಿಗೂ ಹೊಂದಬಲ್ಲದು.

ಒಳ್ಳೆಯ ದರ್ಜಿಯು ಗಿರಾಕಿಯನ್ನು ಅಳತೆ ಕೇಳುತ್ತಾನೆ, ಬಟ್ಟೆ ಕೇಳುತ್ತಾನೆ. ಹೊಲಿಗೆ ಹೇಗೆ ಹಾಕಲಿ ಎಂದು ಕೇಳುವುದಿಲ್ಲ. ಘಟಕವನ್ನು ಕಟ್ಟುವವನೂ ತನ್ನ ಕೆಲಸದ ಪ್ರಾರಂಭದಲ್ಲಿಯೇ ಇಂತಹ ವಿಭಾಗವನ್ನು ಮಾಡಿಕೊಳ್ಳಬೇಕು: ಸಂದರ್ಭದಿಂದ ಸಂದರ್ಭಕ್ಕೆ ನಿಜವಾಗಿ ಬದಲಾಗುವುದು ಯಾವುದು, ಎಲ್ಲೆಡೆಯೂ ಒಂದೇ ಆಗಿರತಕ್ಕದ್ದು ಯಾವುದು? ಈ ಪ್ರಶ್ನೆಗೆ ಉತ್ತರ ಕಂಪ್ಯೂಟರಿನಲ್ಲಿ ದೊರೆಯುವುದಿಲ್ಲ. ಚಿತ್ರಿಸಬೇಕಾದ ವಸ್ತುವಿನಲ್ಲಿ ದೊರೆಯುತ್ತದೆ.

ಸೊನ್ನೆ ಎಲ್ಲಿದೆ?

ನಮ್ಮ ಜಲಾಶಯಗಳೇ ಇದಕ್ಕೆ ಉತ್ತಮ ನಿದರ್ಶನ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2,284 ಅಡಿ, ಹಾರಂಗಿಯದು 2,859, ಹೇಮಾವತಿಯದು 2,922, ಆಲಮಟ್ಟಿಯದು 519.60 ಮೀಟರ್. ಮೇಲುನೋಟಕ್ಕೆ ಇವೆಲ್ಲ ನೀರಿನ ಮಟ್ಟಗಳೇ. ಆದರೆ ಮೊದಲನೆಯದು ಅಣೆಕಟ್ಟೆಯ ಸ್ಥಳೀಯ ಮಾಪಕದಿಂದ ಎಣಿಸಿದ್ದು, ಉಳಿದವು ಸಮುದ್ರಮಟ್ಟದಿಂದ ಎಣಿಸಿದವು.

ಸ್ತಂಭವು ಯಾವಾಗಲೂ ಸೊನ್ನೆಯಿಂದಲೇ ಏಳಬೇಕೆಂಬುದು ಆಲೇಖಶಾಸ್ತ್ರದ ಒಂದು ಸಾಧುವಾದ ನಿಯಮ; ಏಕೆಂದರೆ ನಮ್ಮ ಕಣ್ಣು ಸ್ತಂಭದ ಉದ್ದವನ್ನೇ ಪ್ರಮಾಣವೆಂದು ಗ್ರಹಿಸುತ್ತದೆ. ಈ ನಿಯಮವನ್ನು ನೆಚ್ಚಿದ ಘಟಕವೊಂದಕ್ಕೆ ಕಬಿನಿಯ ಅಂಕಿಯನ್ನು ಕೊಟ್ಟು ನೋಡಿ. ನೀರು ಗರಿಷ್ಠ ಮಟ್ಟದಿಂದ 34 ಅಡಿ ಕುಸಿದು 2,250ಕ್ಕೆ ಇಳಿದರೂ ಸ್ತಂಭವು ಇಳಿಯುವುದು ನೂರರಲ್ಲಿ ಒಂದೂವರೆ ಪಾಲು ಮಾತ್ರ. ನೋಡುವವನ ಕಣ್ಣಿಗೆ ಜಲಾಶಯ ತುಂಬಿ ತುಳುಕುತ್ತಿದೆ. ಅದೇ 34 ಅಡಿ ಕೃಷ್ಣರಾಜಸಾಗರದಲ್ಲಿ ಕುಸಿದರೆ ಸ್ತಂಭದ ಕಾಲುಭಾಗಕ್ಕೂ ಮಿಕ್ಕು ಕರಗಿಹೋಗುತ್ತದೆ. ಕೋಡಿನಲ್ಲಿ ಒಂದಕ್ಷರದ ತಪ್ಪಿಲ್ಲ, ಅಂಕಿಗಳಲ್ಲಿ ತಪ್ಪಿಲ್ಲ. ಆದರೂ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಅವು ಸುಳ್ಳನ್ನು ಹೇಳುತ್ತವೆ. ಸಮುದ್ರಮಟ್ಟದಲ್ಲಿರುವ ಆ ಸೊನ್ನೆಗೂ ಕಬಿನಿಯ ನೀರಿಗೂ ಯಾವ ಸಂಬಂಧವೂ ಇಲ್ಲವೆಂಬುದು ಘಟಕಕ್ಕೆ ತಿಳಿಯದು.

ಹಾಗಾದರೆ ಪ್ರತಿ ಜಲಾಶಯದ ಕನಿಷ್ಠ ಮಟ್ಟದಿಂದ ಸ್ತಂಭವನ್ನು ಎಬ್ಬಿಸಿದರೆ ಸಾಕಲ್ಲವೆ ಎಂದರೆ, ಅದೂ ಅರೆಸತ್ಯವೇ. ಕಣಿವೆಯು ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಒಂದು ಅಡಿಯಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಅಧಿಕ. ಮಟ್ಟ ಅರ್ಧಕ್ಕೆ ಬಂದಾಗ ನೀರು ಅರ್ಧಕ್ಕಿಂತ ಬಹಳ ಕಡಿಮೆ ಇರುತ್ತದೆ. ಜಲಾಶಯಗಳನ್ನು ಪರಸ್ಪರ ಹೋಲಿಸಬೇಕಾದರೆ ಟಿಎಂಸಿಯಲ್ಲಿ ಅಳೆದ ಸಂಗ್ರಹವನ್ನೇ ಸ್ತಂಭವಾಗಿಸುವುದು ಪ್ರಾಮಾಣಿಕವಾದ ಮಾರ್ಗ: ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ, ಕಬಿನಿಯದು 19.52, ಹಾರಂಗಿಯದು 8.50. ಆಗ ಸೊನ್ನೆ ನಿಜವಾದ ಸೊನ್ನೆಯಾಗುತ್ತದೆ. ಅಡಿಯ ಲೆಕ್ಕವನ್ನು, ಜನರಿಗೆ ಅದು ರೂಢಿಯಾಗಿರುವುದರಿಂದ, ಪಕ್ಕದಲ್ಲಿ ಅಂಕಿಯಾಗಿ ಬರೆದರಾಯಿತು.

ನನ್ನ ಅಭಿಪ್ರಾಯದಲ್ಲಿ ಮರುಬಳಕೆಯ ಘಟಕದ ಸಮಸ್ತ ಸಾರವೂ ಇಲ್ಲಿಯೇ ಇದೆ. ಕೋಡನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಸುಲಭ; ಮೊದಲನೆಯ ಸಂದರ್ಭದಲ್ಲಿ ಸತ್ಯವಾಗಿದ್ದ ಒಂದು ಊಹೆ ಎರಡನೆಯ ಸಂದರ್ಭದಲ್ಲಿಯೂ ಸತ್ಯವೇ ಎಂದು ಪರಿಶೀಲಿಸುವುದು ಕಷ್ಟ. ಆದುದರಿಂದ ಒಂದೇ ಜಲಾಶಯವನ್ನು ನೋಡಿ ಘಟಕವನ್ನು ಕಟ್ಟತೊಡಗುವುದು ಅವಸರವೆನಿಸುತ್ತದೆ. ಎರಡು ಮೂರನ್ನು ಪ್ರತ್ಯೇಕವಾಗಿ ಬರೆದು, ಅವುಗಳ ಸಾಮ್ಯವನ್ನೂ ಭೇದವನ್ನೂ ಕಣ್ಣಾರೆ ಕಂಡ ಅನಂತರವೇ ಸಾಮಾನ್ಯ ವಿಧಿಯನ್ನು ಹೊರತೆಗೆಯುವುದು ಅನುಭವಸ್ಥರ ಕ್ರಮ.

ಇಡಿಯೋ, ಬಿಡಿಯೋ?

ಘಟಕ ಎಷ್ಟು ದೊಡ್ಡದಿರಬೇಕು ಎಂಬುದರಲ್ಲಿ ಬಲ್ಲವರಲ್ಲಿಯೇ ಎರಡು ಪಂಥಗಳಿವೆ. ಸ್ತಂಭಾಲೇಖ, ರೇಖಾಲೇಖ, ವೃತ್ತಾಲೇಖ ಎಂದು ಸಿದ್ಧರೂಪಗಳನ್ನು ಇಡಿಯಾಗಿ ಕೊಡಬೇಕೆಂಬುದು ಒಂದು. ಬಳಸುವವನಿಗೆ ಇದು ಸುಲಭ. ಆದರೆ ಸಿದ್ಧರೂಪದಲ್ಲಿಲ್ಲದ ಚಿಕ್ಕದೊಂದನ್ನು ಆತ ಬಯಸಿದೊಡನೆ ಗೋಡೆ ಅಡ್ಡ ಬರುತ್ತದೆ. ಆ ಗೋಡೆಯನ್ನು ಒಡೆಯಲು ಕಟ್ಟಿದವನು ಒಂದೊಂದೇ ಆಯ್ಕೆಯನ್ನು ಸೇರಿಸುತ್ತ ಹೋಗಿ, ಕೊನೆಗೆ ನೂರಾರು ಆಯ್ಕೆಗಳ ಭಾರದಿಂದ ಘಟಕವೇ ಕುಗ್ಗಿಹೋಗುತ್ತದೆ.

ಇನ್ನೊಂದು ಪಂಥದ ಮೂಲಗ್ರಂಥ ಲೆಲೆಂಡ್ ವಿಲ್ಕಿನ್‌ಸನ್ 1999ರಲ್ಲಿ ಪ್ರಕಟಿಸಿದ ‘ದಿ ಗ್ರಾಮರ್ ಆಫ್ ಗ್ರಾಫಿಕ್ಸ್’. ಆಲೇಖಗಳಲ್ಲಿ ಜಾತಿಗಳಿಲ್ಲ, ಅಂಗಗಳಿವೆ. ಅಂಕಿ, ಅದನ್ನು ಸ್ಥಾನಕ್ಕೋ ಬಣ್ಣಕ್ಕೋ ಹೊಂದಿಸುವ ಮಾಪನ, ಬಿಂದು ರೇಖೆ ಆಯತಗಳೆಂಬ ಗುರುತು, ಅಕ್ಷ, ಇವುಗಳ ಸಂಯೋಜನೆಯಿಂದಲೇ ಎಲ್ಲ ಆಲೇಖಗಳೂ ಉಂಟಾಗುತ್ತವೆ ಎಂಬುದು ಅದರ ದೃಷ್ಟಿ. ವೆಬ್‌ನಲ್ಲಿ ವೇಗಾ-ಲೈಟ್ ಎಂಬ ಸಾಧನವೂ, ಬೊಸ್ಟಾಕರು ಮತ್ತು ಸಂಗಡಿಗರು 2021ರಲ್ಲಿ ಹೊರತಂದ ಅಬ್ಸರ್ವಬಲ್ ಪ್ಲಾಟ್ ಎಂಬುದೂ ಈ ಹಾದಿಯವು. ಡಿ-3 ಸಹ 2016ರ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಅನೇಕ ಸಣ್ಣ ಭಾಗಗಳಾಗಿ ಒಡೆದುಕೊಂಡು, ಬೇಕಾದುದನ್ನಷ್ಟೇ ಆಯ್ದುಕೊಳ್ಳಲು ಅನುಕೂಲ ಮಾಡಿತು.

ದಿನಪತ್ರಿಕೆಯ ಅವಸರದಲ್ಲಿರುವವನಿಗೆ ಇಡಿಯೇ ಬೇಕು. ಹೊಸದನ್ನು ಹುಡುಕುವವನಿಗೆ ಬಿಡಿಗಳು ಬೇಕು. ಒಳಗೆ ಬಿಡಿಗಳಿಂದ ಕಟ್ಟಿ, ಹೊರಗೆ ಇಡಿಯಾಗಿ ಕೊಡುವುದು ಎರಡಕ್ಕೂ ಸಲ್ಲುವ ಮಾರ್ಗವೆಂದು ತೋರುತ್ತದೆ.

ಕೇಳದೆ ಬರುವ ಬಣ್ಣ

ಘಟಕದೊಳಗಿನ ಪೂರ್ವನಿಶ್ಚಿತ ಬೆಲೆಗಳ ಪ್ರಭಾವವನ್ನು ನಾವು ಸಾಮಾನ್ಯವಾಗಿ ಅಲ್ಪವೆಂದು ತಿಳಿಯುತ್ತೇವೆ. ಬಳಸುವವರಲ್ಲಿ ಬಹುಮಂದಿ ಅವುಗಳನ್ನು ಬದಲಿಸುವ ಗೋಜಿಗೇ ಹೋಗುವುದಿಲ್ಲವಾದ ಕಾರಣ, ಕಟ್ಟಿದವನು ಒಂದು ಮಧ್ಯಾಹ್ನ ಕುಳಿತು ಆರಿಸಿದ ಬಣ್ಣವೇ ಸಹಸ್ರಾರು ಪುಟಗಳ ಬಣ್ಣವಾಗಿಬಿಡುತ್ತದೆ.

ವಿಜ್ಞಾನಿಗಳು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಯಲ್ಲಿ ಕಾಮನಬಿಲ್ಲಿನ ಬಣ್ಣಗಳ ಶ್ರೇಣಿಯೊಂದು ಬಹುಕಾಲ ಪೂರ್ವನಿಶ್ಚಿತವಾಗಿತ್ತು. ಅಂಕಿ ಸಮನಾಗಿ ಏರುತ್ತಿದ್ದರೂ ಆ ಶ್ರೇಣಿಯಲ್ಲಿ ಹಳದಿಯ ಬಳಿ ಕಣ್ಣಿಗೆ ಇಲ್ಲದ ಏಣು ಕಾಣುತ್ತಿತ್ತು. ಕೆಂಪು ಹಸಿರುಗಳ ಭೇದ ತಿಳಿಯದವರಿಗೆ ಅದು ನಿರರ್ಥಕವಾಗಿತ್ತು. 2017ರಲ್ಲಿ ಬಂದ ಆವೃತ್ತಿಯು ಅದನ್ನು ಕೈಬಿಟ್ಟು, ಕಡುನೇರಳೆಯಿಂದ ಹಳದಿಗೆ ಸಮವಾಗಿ ಬೆಳಗುತ್ತ ಹೋಗುವ ವಿರಿಡಿಸ್ ಶ್ರೇಣಿಯನ್ನು ಪೂರ್ವನಿಶ್ಚಿತವಾಗಿಸಿತು. ಯಾರಿಗೂ ಉಪದೇಶ ಮಾಡಬೇಕಾಗಲಿಲ್ಲ. ಮರುದಿನದಿಂದ ಅಸಂಖ್ಯ ಚಿತ್ರಗಳು ತಾವಾಗಿಯೇ ಸುಧಾರಿಸಿದವು. ವೆಬ್ ಆಲೇಖಗಳಿಗೆಂದು ಡಿ-3 ಕೂಡ ಈ ಶ್ರೇಣಿಯನ್ನು ಒದಗಿಸುತ್ತದೆ. ನಕ್ಷೆಗಳಿಗಾದರೆ ಭೂಗೋಳ ವಿದುಷಿ ಸಿಂಥಿಯಾ ಬ್ರೂಯರ್ ರೂಪಿಸಿದ ಕಲರ್‌ಬ್ರೂಯರ್ ವರ್ಣಸಮೂಹಗಳು ಇಂದಿಗೂ ಶ್ರೇಷ್ಠ ಆಧಾರ.

ಕಣ್ಣಿಲ್ಲದವರ ವಿಚಾರವೂ ಇಲ್ಲಿಯೇ ಬರುತ್ತದೆ. ಪುಟವನ್ನು ಧ್ವನಿಯಾಗಿ ಓದುವ ಸಾಧನಕ್ಕೆ ಆಲೇಖದ ಶೀರ್ಷಿಕೆಯನ್ನೂ ಸಾರಾಂಶವನ್ನೂ ಒದಗಿಸುವ ಏರ್ಪಾಡನ್ನು ಘಟಕದಲ್ಲಿ ಒಮ್ಮೆ ಮಾಡಿಟ್ಟರೆ, ಅದನ್ನು ಬಳಸುವ ಎಲ್ಲ ಪುಟಗಳೂ ಅಂಧ ಓದುಗರಿಗೆ ತೆರೆದುಕೊಳ್ಳುತ್ತವೆ. ಮಾಡದಿದ್ದರೆ ಎಲ್ಲ ಪುಟಗಳೂ ಮುಚ್ಚಿರುತ್ತವೆ.

ಕನ್ನಡದ ಒತ್ತು, ಲಕ್ಷದ ಅಲ್ಪವಿರಾಮ

ಈ ಘಟಕಗಳಲ್ಲಿ ಬಹುಪಾಲು ಇಂಗ್ಲಿಷ್ ಬರಹವನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದವು. ಅವುಗಳಿಗೆ ಕನ್ನಡದ ಹೆಸರುಗಳನ್ನು ಕೊಟ್ಟಾಗ, ಅದುವರೆಗೆ ಅಗೋಚರವಾಗಿದ್ದ ಊಹೆಗಳು ಒಂದೊಂದಾಗಿ ಹೊರಬೀಳುತ್ತವೆ.

ಕೃಷ್ಣರಾಜಸಾಗರ, ಆಲಮಟ್ಟಿ, ಲಿಂಗನಮಕ್ಕಿ, ಈ ಮೂರು ಹೆಸರುಗಳಲ್ಲಿಯೂ ಒತ್ತಕ್ಷರವಿದೆ. ಅದು ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿನ ಎತ್ತರಕ್ಕೆ ಗೊತ್ತುಮಾಡಿದ ಜಾಗದಲ್ಲಿ ಅದು ಕತ್ತರಿಸಿಹೋಗುತ್ತದೆ, ಇಲ್ಲವೆ ಕೆಳಗಿನ ಗೆರೆಯ ಮೇಲೆ ಬಿದ್ದು ಕಲಸಿಹೋಗುತ್ತದೆ. ಎಸ್‌ವಿಜಿಯ ಬರಹವು ಸಾಮಾನ್ಯವಾಗಿ ತಾನಾಗಿ ಮುಂದಿನ ಸಾಲಿಗೆ ಮುರಿಯದಾದುದರಿಂದ ಉದ್ದನೆಯ ಹೆಸರನ್ನು ಮೊಟಕುಗೊಳಿಸುವ ಪರಿಪಾಠವೂ ಉಂಟು. ಆಲಮಟ್ಟಿ ಎಂಬುದು ನಮಗೆ ನಾಲ್ಕಕ್ಷರ. ಕಂಪ್ಯೂಟರಿನ ಸಂಕೇತದಲ್ಲಿ ಏಳು. ಐದಕ್ಕೆ ಕತ್ತರಿಸೆಂದು ಬರೆದಿಟ್ಟ ಘಟಕವು ‘ಆಲಮಟ್’ ಎಂದು ಮುದ್ರಿಸಿ ಸುಮ್ಮನಾಗುತ್ತದೆ. ಬರಹದ ಅಳತೆಯನ್ನು ಮುಂಚೆ ಊಹಿಸದೆ, ಬ್ರೌಸರು ಬರೆದ ಮೇಲೆ ಅದನ್ನೇ ಕೇಳಿ ತಿಳಿದುಕೊಳ್ಳುವುದು ಇದಕ್ಕೆ ಪರಿಹಾರ; ಲಿಪಿ ಯಾವುದಾದರೂ ಆಗ ಅಡ್ಡಿಯಿಲ್ಲ.

ಅಂಕಿಯ ಮಾತೂ ಹೀಗೆಯೇ. ನಾವು 12,34,567 ಎಂದು ಬರೆಯುವುದನ್ನು ಪಾಶ್ಚಾತ್ಯ ಕ್ರಮ 1,234,567 ಎಂದು ಬರೆಯುತ್ತದೆ. ಅಲ್ಪವಿರಾಮದ ಸ್ಥಾನವನ್ನು ಘಟಕದೊಳಗೇ ಹೂತಿಟ್ಟರೆ ಲಕ್ಷ ಕೋಟಿಗಳಲ್ಲಿ ಎಣಿಸುವ ಓದುಗನು ಪ್ರತಿಬಾರಿಯೂ ತಡವರಿಸಬೇಕು. ಡಿ-3ರಲ್ಲಿ ಭಾರತದ ಕ್ರಮವನ್ನು ಆರಿಸಿಕೊಳ್ಳುವ ಅನುಕೂಲವಿದೆ: ಬಲದಿಂದ ಮೊದಲು ಮೂರು, ಅನಂತರ ಎರಡೆರಡು. ಅದನ್ನು ಆರಿಸಿಕೊಳ್ಳುವ ಬಾಗಿಲನ್ನು ಘಟಕ ಕಟ್ಟುವವನು ತೆರೆದಿಟ್ಟಿರಬೇಕು, ಅಷ್ಟೆ.

ಮೂವತ್ತೊಂದನೆಯ ಜಿಲ್ಲೆ

ನಕ್ಷೆಯ ಘಟಕಗಳಿಗೆ ಇನ್ನೊಂದು ಪರೀಕ್ಷೆಯುಂಟು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರವು ಕರ್ನಾಟಕದ 31ನೆಯ ಜಿಲ್ಲೆಯಾಯಿತು. ಜಿಲ್ಲೆಗಳ ಗಡಿಗಳನ್ನು ಕೋಡಿನೊಳಗೇ ಬರೆದಿಟ್ಟ ನಕ್ಷೆಗಳೆಲ್ಲ ಅಂದೇ ಹಳತಾದವು. ಗಡಿಯನ್ನು ಅಂಕಿಯಂತೆಯೇ ಹೊರಗಿನಿಂದ ಪಡೆಯುವ ನಕ್ಷೆಗಳಿಗೆ ಹೊಸ ಕಡತವೊಂದನ್ನು ಕೊಟ್ಟರೆ ಸಾಕಾಯಿತು.

ಇಷ್ಟರಿಂದಲೇ ಕೆಲಸ ಮುಗಿಯದು. 2011ರ ಜನಗಣತಿಯ ಕಾಲದಲ್ಲಿ ರಾಜ್ಯದಲ್ಲಿದ್ದುದು 30 ಜಿಲ್ಲೆಗಳು. ಆ ಅಂಕಿಗಳನ್ನು ಇಂದಿನ ಗಡಿಯ ಮೇಲೆ ಹಾಸಿದರೆ ವಿಜಯನಗರ ಜನರಿಲ್ಲದ ಪ್ರದೇಶದಂತೆ ಖಾಲಿಯಾಗಿ ಕಾಣುತ್ತದೆ, ಬಳ್ಳಾರಿ ತನ್ನದಲ್ಲದ ಜನಸಂಖ್ಯೆಯನ್ನು ಹೊರುತ್ತದೆ. ವಿವೇಕವುಳ್ಳ ಘಟಕವು ಅಂಕಿ ಸಿಗದ ಜಿಲ್ಲೆಯನ್ನು ಸೊನ್ನೆಯೆಂದು ಬಣ್ಣಿಸದೆ, ಮಾಹಿತಿ ಇಲ್ಲವೆಂದು ಬೇರೆಯದೇ ಗುರುತಿನಿಂದ ತೋರಿಸುತ್ತದೆ. ಇಲ್ಲವೆಂಬುದಕ್ಕೂ ಸೊನ್ನೆಯೆಂಬುದಕ್ಕೂ ಇರುವ ಅಂತರವನ್ನು ಮರೆತ ಆಲೇಖಗಳು ಇಂದಿಗೂ ಹೇರಳವಾಗಿವೆ. ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಗಡಿಗಳನ್ನು ಬರೆದಿಡುವುದರಲ್ಲಿಯೂ ಬೊಸ್ಟಾಕರ ಒಂದು ಸೊಗಸಾದ ಉಪಾಯವಿದೆ. ಟೋಪೊಜೇಸನ್ ಎಂಬ ಅವರ ಕ್ರಮದಲ್ಲಿ ಎರಡು ಜಿಲ್ಲೆಗಳ ನಡುವಿನ ಗಡಿಯನ್ನು ಎರಡು ಬಾರಿ ಬರೆಯದೆ ಒಮ್ಮೆಯೇ ಬರೆದು ಎರಡಕ್ಕೂ ಹಂಚಲಾಗುತ್ತದೆ. ಕಡತವೂ ಹಗುರವಾಗುತ್ತದೆ, ಗೆರೆಯನ್ನು ಸರಳಗೊಳಿಸಿದಾಗ ನೆರೆಹೊರೆಯ ಜಿಲ್ಲೆಗಳ ನಡುವೆ ಬಿರುಕೂ ಬೀಳುವುದಿಲ್ಲ.

ಬಾಳಿಕೆಯ ಪ್ರಶ್ನೆ

ಘಟಕವು ಎಷ್ಟು ಕಾಲ ಬಾಳುತ್ತದೆ ಎಂಬುದು ಅದು ನಿಂತ ನೆಲವನ್ನು ಅವಲಂಬಿಸಿದೆ. ಒಂದು ಕಾಲದಲ್ಲಿ ವೆಬ್‌ನ ಚಲಿಸುವ ಆಲೇಖಗಳಲ್ಲಿ ಬಹುಪಾಲು ಫ್ಲ್ಯಾಶ್ ಎಂಬ ತಂತ್ರದ ಮೇಲೆ ನಿಂತಿದ್ದವು; 2020ರ ಕೊನೆಯ ದಿನ ಅದರ ಬೆಂಬಲ ನಿಂತಾಗ, ಶ್ರದ್ಧೆಯಿಂದ ಮಾಡಿದ ಎಷ್ಟೋ ಕೃತಿಗಳು ಖಾಲಿ ಚೌಕಗಳಾದವು. ಯಾವ ಒಂದು ಸಂಸ್ಥೆಯ ಸ್ವತ್ತೂ ಅಲ್ಲದ ಎಸ್‌ವಿಜಿಯನ್ನು 2001ರಿಂದೀಚೆಗೆ ಬ್ರೌಸರುಗಳು ಕೈಬಿಟ್ಟಿಲ್ಲ. ಡಿ-3 ಸಹ ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ ಅದನ್ನು ಯಾರಾದರೂ ಬಳಸಬಹುದು, ಬಗೆದು ನೋಡಬಹುದು, ತಿದ್ದಬಹುದು.

ಕನ್ನಡದಲ್ಲಿ ಸುದ್ದಿಯ ಜಾಲತಾಣಗಳನ್ನು ನಡೆಸುವವರೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ತರುಣ ತರುಣಿಯರೂ ಈ ಕೆಲಸಕ್ಕೆ ಮನಸ್ಸು ಮಾಡಬೇಕೆಂದು ನನ್ನ ಕೋರಿಕೆ. ಟಿಎಂಸಿಯಲ್ಲಿ ಅಳೆಯುವ ಒಂದು ಜಲಾಶಯಾಲೇಖ, ಒತ್ತಕ್ಷರ ಕತ್ತರಿಸದ ಒಂದು ಅಕ್ಷ, ಗಡಿ ಬದಲಾದರೂ ಕೆಡದ ಒಂದು ಜಿಲ್ಲಾನಕ್ಷೆ, ಇಷ್ಟನ್ನು ಯಾರಾದರೂ ಚೆನ್ನಾಗಿ ಕಟ್ಟಿ, ಬಳಸುವ ಕ್ರಮವನ್ನು ಕನ್ನಡದಲ್ಲಿಯೇ ವಿವರಿಸಿ, ಎಲ್ಲರಿಗೂ ಮುಕ್ತವಾಗಿ ಒದಗಿಸಲಿ; ಉಳಿದವರು ಅದನ್ನು ನಕಲು ಮಾಡಿಕೊಂಡು ಬೇರೆ ದಾರಿ ಹಿಡಿಯದೆ, ಅದರ ಲೋಪಗಳನ್ನು ಮೂಲದಲ್ಲಿಯೇ ತಿದ್ದಿಕೊಡಲಿ.